ಅಲ್ಲಾಡಿದ ಧೂಮಕೇತು

ನನ್ನ ಭಾವ, ಅಂದರೆ ಅಕ್ಕನ ಗಂಡ, ಸ್ಟುಡಿಯೋ ಇಟ್ಟಿದ್ದರು. ಬೀದಿಯವರು ಅವರಿಗಿಟ್ಟ ಹೆಸರು ‘ಅಲ್ಲಾಡಬೇಡಿ’. ಕುರ್ಚಿಯಲ್ಲಿ ಕೂತವರಿಗೆ ಅವರು ಹೇಳುತ್ತಿದ್ದದ್ದು ಅದೊಂದೇ ಮಾತು. ನಾನೊಮ್ಮೆ ಮೀಸೆ ಬೋಳಿಸಿಕೊಂಡು ಹೋಗಿ ಕೂತಿದ್ದೆ. ಅವರು ದೀಪ ಸರಿಮಾಡಿ, ನನ್ನ ಗದ್ದ ಎತ್ತಿ, ಕಾಲರ್ ತಿದ್ದಿ ಬಟನ್ ಒತ್ತುವಷ್ಟರಲ್ಲಿ ಮೀಸೆ ಮತ್ತೆ ಬಂದಿತ್ತು. ಮೊಮ್ಮಕ್ಕಳು ನಂಬುವುದಿಲ್ಲ. ಫೋಟೋದಲ್ಲಿ ಮೀಸೆ ಇದೆ, ಬೇರೆ ಸಾಕ್ಷಿ ಏನು ಬೇಕು?

ಅಲ್ಲಾಡಿದ ಚಿತ್ರ ಒಂದೂ ಆ ಅಂಗಡಿಯಿಂದ ಹೊರಗೆ ಹೋದದ್ದಿಲ್ಲ. ಇಂಥವರಿಗೆ ಹಿಡಿದ ಹುಚ್ಚು ಮಾತ್ರ ಒಂದು ಗಳಿಗೆಯೂ ನಿಲ್ಲದ ಆಕಾಶದ ಫೋಟೋ ತೆಗೆಯುವುದು. ಎರಡು ಹಲಗೆಗೆ ಬಾಗಿಲಿನ ಕೀಲು ಜೋಡಿಸಿ, ನಡುವೆ ಉದ್ದನೆಯ ಬೋಲ್ಟು ತೂರಿಸಿ, ಮೇಲಿನ ಹಲಗೆಗೆ ಕ್ಯಾಮೆರಾ ಕಟ್ಟಿದ್ದರು. ಆಕಾಶ ತಿರುಗಿದಷ್ಟೇ ನಿಧಾನವಾಗಿ ಬೋಲ್ಟು ತಿರುಗಿಸುತ್ತಿದ್ದರೆ ಕ್ಯಾಮೆರಾ ನಕ್ಷತ್ರಗಳ ಹಿಂದೆಯೇ ಹೋಗುತ್ತದೆ. ಕೈ ನಿಂತರೆ ಚುಕ್ಕೆಗಳೆಲ್ಲ ಗೆರೆ. ಹೀಗೆ ನೀಹಾರಿಕೆಗಳನ್ನೂ ಹಿಡಿದಿದ್ದರು, ನಕ್ಷತ್ರಗಳ ನಡುವೆ ಹೊಗೆಯ ಹಾಗೆ ಹಬ್ಬಿರುತ್ತವಲ್ಲ, ಅವು. ನನ್ನ ಕಣ್ಣಿಗೆ ಚಹಾ ಚೆಲ್ಲಿದ ಹಾಗೆ ಕಂಡವು. ಹಾಗೆಂದದ್ದಕ್ಕೆ ಭಾವ ವಾರವಿಡೀ ನನ್ನ ಜೊತೆ ಮಾತು ಬಿಟ್ಟಿದ್ದರು.

ಆಮೇಲೆ ಆ ಧೂಮಕೇತು ಬಂತು. ಸೂರ್ಯ ಮುಳುಗಿದ ಮೇಲೆ ಪಶ್ಚಿಮದಲ್ಲಿ ಸ್ವಲ್ಪ ಹೊತ್ತು ಕಾಣುತ್ತಿತ್ತು. ಈಗ ಹೋದರೆ ಮರಿಮಕ್ಕಳ ಮರಿಮಕ್ಕಳ ಕಾಲಕ್ಕೂ ತಿರುಗಿ ಬರುವುದಿಲ್ಲವಂತೆ. ಒಂದು ಸಂಜೆ ಭಾವ ಅದನ್ನು ಹಿಡಿದೇಬಿಟ್ಟರು. ನೆಗೆಟಿವ್ ತೊಳೆದು, ಒಣಗಲು ದಾರಕ್ಕೆ ಸಿಕ್ಕಿಸಿ, ರಾಜ್ಯ ಗೆದ್ದವರ ಹಾಗೆ ಮಲಗಿದರು.

ಸ್ಟುಡಿಯೋದಲ್ಲಿ ಟಚಿಂಗ್ ಕೆಲಸ ಅಕ್ಕನದು. ನೆಗೆಟಿವ್‌ನಲ್ಲಿ ಬಿಳಿಯದು ಕಪ್ಪಾಗಿ ಕಾಣುತ್ತದೆ. ಬೇಡದ ಕಪ್ಪನ್ನು ಅವಳು ಬ್ಲೇಡಿನ ತುದಿಯಿಂದ ಮೆಲ್ಲಗೆ ಕೆರೆದರೆ ಮಾಯ. ಎಷ್ಟೋ ಮದುಮಕ್ಕಳ ಮುಖ ನುಣ್ಣಗಾದದ್ದು ಅವಳ ಕೈಯಲ್ಲೇ. ಮರುದಿನ ಬೆಳಿಗ್ಗೆ ದಾರದಲ್ಲಿದ್ದ ನೆಗೆಟಿವ್‌ಗಳನ್ನೆಲ್ಲ ತೆಗೆದುಕೊಂಡು ಕೂತಳು.

“ಕುರ್ಚಿ ಹಿಂದಿನ ಪರದೆ ಫೋಟೋ ಯಾಕ್ರೀ ತೆಗೆದಿದ್ರಿ?” ಎಂದು ತಿಂಡಿಯ ಹೊತ್ತಿಗೆ ಕೇಳಿದಳು. “ಎಷ್ಟು ಗಲೀಜಾಗಿತ್ತು. ಮಧ್ಯೆ ಒಂದು ದೊಡ್ಡ ಕಲೆ. ಎಲ್ಲಾ ಕೆರೆದು ಹಾಕಿದೀನಿ.”

“ಅದು ಕಲೆ ಅಲ್ಲ ಕಣೇ. ಧೂಮಕೇತು.”

“ಸುತ್ತ ಇದ್ದ ಚುಕ್ಕೆಗಳು?”

“ನಕ್ಷತ್ರ.”

ಅಕ್ಕ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟಳು. “ಅವನ್ನೂ ಬಿಟ್ಟಿಲ್ಲ ರೀ.”

ಭಾವ ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಆಮೇಲೆ ದಿನಾ ಸಂಜೆ ಮೋಡ. ಧೂಮಕೇತು ಕೆಳಕ್ಕಿಳಿಯುತ್ತ ಸೂರ್ಯನ ಬೆಳಕಿನೊಳಗೆ ಸೇರುವುದರಲ್ಲಿತ್ತು. ಆಕಾಶದ ಕಡೆ ತಲೆಯೆತ್ತಿಯೂ ನೋಡದಿದ್ದ ಅಕ್ಕ ಅಂಗಡಿಯ ಬಾಗಿಲಲ್ಲಿ ಬಸ್ಸಿಗೆ ಕಾದವಳ ಹಾಗೆ ನಿಲ್ಲತೊಡಗಿದಳು.

ಕೊನೆಗೊಂದು ಸಂಜೆ ಪಶ್ಚಿಮ ತಿಳಿಯಾಯಿತು. ಕುರ್ಚಿಯಲ್ಲಿ ಒಬ್ಬರು ಗದ್ದ ಎತ್ತಿ ಕೂತಿದ್ದರು. ನಾಳೆ ಬನ್ನಿ ಎಂದು ಅವರನ್ನು ಎಬ್ಬಿಸಿ ಕಳಿಸಿ ಅಕ್ಕ ಬಾಗಿಲು ಹಾಕಿಯೇಬಿಟ್ಟಳು. ಮರುದಿನ ಬರುವವರೆಗೂ ಆ ಮನುಷ್ಯ ಗದ್ದ ಇಳಿಸಲೇ ಇಲ್ಲವಂತೆ. ನಾವು ಮೂವರೂ ತಾರಸಿ ಹತ್ತಿದೆವು. ಭಾವ ಕ್ಯಾಮೆರಾ ಗುರಿಯಿಟ್ಟು, ಬೋಲ್ಟನ್ನು ಅವಳ ಕೈಗೇ ಕೊಟ್ಟರು.

ಚೆನ್ನಾಗಿಯೇ ತಿರುಗಿಸುತ್ತಿದ್ದಳು. ಆಮೇಲೆ ತಲೆಯೆತ್ತಿದಳು. ಎದುರಿನ ನೀರಿನ ಟ್ಯಾಂಕಿನ ಮೇಲೆ, ಕನ್ನಡಿಯ ಮೇಲೆ ಬಿಟ್ಟ ಉಸಿರಿನಂಥ ಬಾಲ. ಅವಳ ಕೈ ನಿಂತಿತು. ನಾನು ಬೋಲ್ಟು ಎನ್ನಲು ಬಾಯಿ ತೆರೆದರೆ ಭಾವ ಕೈ ಅಡ್ಡ ಹಿಡಿದರು. ಬೀದಿಗೆಲ್ಲ ಅಲ್ಲಾಡಬೇಡಿ ಎನ್ನುತ್ತಿದ್ದವರು ಅವಳಿಗೆ ಅಲ್ಲಾಡು ಎನ್ನಲಿಲ್ಲ. ಅಷ್ಟರಲ್ಲಿ ಧೂಮಕೇತು ಮನೆಗಳ ಹಿಂದೆ ಇಳಿಯಿತು.

ಪ್ರಿಂಟಿನಲ್ಲಿ ಪ್ರತಿ ನಕ್ಷತ್ರಕ್ಕೂ ಬಾಲ ಬಂದಿತ್ತು. ತಿದ್ದಿಕೊಡುತ್ತೇನೆ ಎಂದು ಅಕ್ಕ ಬ್ಲೇಡು ಹುಡುಕಿದರೆ, ಭಾವ ಅದನ್ನು ಬಚ್ಚಿಟ್ಟಿದ್ದರು. ಚಿತ್ರಕ್ಕೆ ಗಾಜು ಹಾಕಿಸಿ ಅಂಗಡಿಯ ಮುಂದೆಯೇ ತೂಗುಹಾಕಿದರು. ಅಲ್ಲಾಡಿದೆಯಲ್ಲ ಎಂದವರಿಗೆ ಅವರದು ಒಂದೇ ಉತ್ತರ: “ಅಲ್ಲಾಡಿದ್ದು ಅದಲ್ಲ ಸ್ವಾಮಿ, ನಮ್ಮನೆಯವಳು.”

ಸ್ಟುಡಿಯೋ ಇದ್ದಲ್ಲಿ ಈಗ ಮೊಬೈಲ್ ರಿಪೇರಿ ಅಂಗಡಿ. ಭಾವನೂ ಇಲ್ಲ. ಚಿತ್ರ ಅಕ್ಕನ ಕೋಣೆಯಲ್ಲಿದೆ. ಗಾಜು ಒರೆಸುವಾಗ ಅವಳು ಸುತ್ತಲೂ ಒರೆಸಿ ಧೂಮಕೇತುವಿನ ಜಾಗ ಬಿಡುತ್ತಾಳೆ. ಗಾಜಿನ ಒಳಗಿರುವುದು ಹೇಗೆ ಅಳಿಸಿಹೋಗುತ್ತದೆ ಎಂದು ಮೊನ್ನೆಯೂ ಛೇಡಿಸಿದೆ.

“ಸುಮ್ನಿರೋ,” ಎಂದಳು. “ನನ್ನ ಕೈ ನಿಂಗೊತ್ತಿಲ್ಲ.”