ಚಂದ್ರಣ್ಣನ ಹೆಸರಿನ ಸೋಲುಗಳು

ಬಾಳ್ಳುಪೇಟೆಯಲ್ಲಿ ಬಸ್ಸು ಐದು ನಿಮಿಷ ನಿಂತರೆ ಸಾಕು, ಪ್ರಯಾಣಿಕರೆಲ್ಲ ಏಕಕಂಠದಿಂದ ಡ್ರೈವರನ್ನು ಬೈಯತೊಡಗುತ್ತಾರೆ. ಮುಂದೆ ಅಡ್ಡ ನಿಂತ ಲಾರಿಗೆ ಕಿವಿಯಿಲ್ಲ, ಡ್ರೈವರಿಗೆ ಇದೆ ಎಂಬುದೇ ಇದರ ಹಿಂದಿನ ತರ್ಕವಿರಬೇಕು. ಆ ವೃಂದಗಾನದಲ್ಲಿ ನೀವೂ ದನಿಗೂಡಿಸಿರುತ್ತೀರಿ. ನನ್ನದಂತೂ ಗಟ್ಟಿ ಕಂಠ. ಎಂ.ಎ. ಮುಗಿಸಿ ಹಾನುಬಾಳಿಗೆ ಮರಳಿದ್ದ ಆ ದಿನಗಳಲ್ಲಿ, ಜಗತ್ತಿನ ಪ್ರತಿಯೊಂದು ತಪ್ಪಿಗೂ ಒಬ್ಬ ಹೊಣೆಗಾರ ಇರಲೇಬೇಕೆಂಬುದು ನನ್ನ ಅಚಲ ಸಿದ್ಧಾಂತವಾಗಿತ್ತು.

ಅದನ್ನು ನಾನೂ ಆಡುತ್ತಿದ್ದ ನಮ್ಮೂರ ಟೆನಿಸ್ ಬಾಲ್ ಕ್ರಿಕೆಟ್ ತಂಡದ ಮೇಲೆ ಪ್ರಯೋಗಿಸಿದೆ. ಅಮೆರಿಕದ ಬೇಸ್‌ಬಾಲ್‌ನಲ್ಲಿ ಪಂದ್ಯದ ಗೆಲುವು ಸೋಲುಗಳನ್ನು ಚೆಂಡೆಸೆಯುವವನ ಹೆಸರಿಗೇ ಬರೆಯುತ್ತಾರೆಂದು ಹಾಸ್ಟೆಲಿನ ಹಳೆಯ ಪತ್ರಿಕೆಯೊಂದರಲ್ಲಿ ಓದಿದ್ದೆ. ಅಂಥದೇ ಪಟ್ಟಿಯೊಂದನ್ನು ರಚಿಸಿ ಟೀ ಅಂಗಡಿಯ ಗೋಡೆಗೆ ಅಂಟಿಸಿದೆ. ಎಸ್ಟೇಟಿನಲ್ಲಿ ಔಷಧಿ ಹೊಡೆಯುವ ಚಂದ್ರಣ್ಣ ನಮ್ಮ ಮುಖ್ಯ ಬೌಲರ್. ಯುಗಾದಿಯ ಹೊತ್ತಿಗೆ ಅವನ ಹೆಸರಿನ ಮುಂದೆ ಒಂದು ಗೆಲುವು, ಐದು ಸೋಲು.

ಆಲೂರಿನ ಟೂರ್ನಮೆಂಟಿಗೆ ತಂಡ ಆರಿಸುವಾಗ ನಾಯಕ ಪುಟ್ಟಸ್ವಾಮಿ ಅವನನ್ನು ಕೈಬಿಟ್ಟ. ನಾನು ಟೀ ಅಂಗಡಿಯಲ್ಲೇ ಸಿಡಿದೆದ್ದೆ: ಮಾನದಂಡ ಯಾವುದು? ಉತ್ತರ ಕೊಡುವವರು ಯಾರು?

“ನೀನೇ ಬರ್ದಿದ್ದು ಕಣೋ ಮಾರಾಯ! ಗೋಡೆ ಮೇಲೆ ಐದು ಸೋಲು ಐತಲ್ಲ, ಕಣ್ ಕಾಣಲ್ವಾ?” ಎಂದ ಪುಟ್ಟಸ್ವಾಮಿ.

ಮೂಲೆಯಲ್ಲಿದ್ದ ಚಂದ್ರಣ್ಣ ಟೀ ಲೋಟ ಕೆಳಗಿಟ್ಟು ನನ್ನತ್ತ ತಿರುಗಿದ. “ಎಸೆಯೋನು ನಾನು, ಒಪ್ದೆ ಕಣ್ರೀ. ನೀವು ಬುಟ್ಟ ಕ್ಯಾಚೆಲ್ಲ ಯಾವ್ ಪಟ್ಟೀಲೈತೆ, ಸ್ವಾಮಿ?”

ಇಡೀ ಅಂಗಡಿ ನಕ್ಕಿತು. ಮೈದಾನದಲ್ಲಿ ನಿಂತು ವ್ಯವಸ್ಥೆಯ ಅನ್ಯಾಯಗಳನ್ನು ಧ್ಯಾನಿಸುವ ಅಭ್ಯಾಸ ನನಗಿದ್ದುದು ನಿಜ. ಆ ಧ್ಯಾನದ ಆಳದಲ್ಲಿ ಮೂರು ಪಂದ್ಯಗಳು ಮುಳುಗಿದ್ದುದೂ ನಿಜ. ಎಲ್ಲರೆದುರೇ ಪಟ್ಟಿಗೆ ಹೊಸದೊಂದು ಗೆರೆ ಎಳೆದು, ‘ಬಿಟ್ಟ ಕ್ಯಾಚುಗಳು’ ಎಂದು ತಲೆಬರಹ ಕೊಟ್ಟು, ಮೊದಲು ನನ್ನ ಹೆಸರನ್ನೇ ಬರೆದೆ. ಎರಡನೆಯದು ಪುಟ್ಟಸ್ವಾಮಿಯದು.

ಅವನು ಗೋಡೆ ನೋಡಿ ಚಂದ್ರಣ್ಣನಿಗೆ, “ಆಯ್ತು, ಬಾರಣ್ಣ, ನೀನು ಆಡು. ಇವ್ನು ನೀರು ಹೊರ್ಲಿ,” ಎಂದ. ನ್ಯಾಯ ಇಷ್ಟು ತ್ವರಿತವಾಗಿ ನನ್ನನ್ನೇ ಮುಟ್ಟೀತೆಂದು ನಾನು ನಿರೀಕ್ಷಿಸಿರಲಿಲ್ಲ.

ಆಲೂರಿನಲ್ಲಿ ಚಂದ್ರಣ್ಣ ನಾಲ್ಕು ವಿಕೆಟ್ ಕಿತ್ತ, ನಮ್ಮ ಬ್ಯಾಟುಗಾರರು ಮೂವತ್ತೊಂದಕ್ಕೆ ಮುಗ್ಗರಿಸಿದರು, ಸೋತೆವು. ಹಿಂದಿರುಗುವಾಗ ಬಾಳ್ಳುಪೇಟೆಯಲ್ಲಿ ಕೆಟ್ಟುನಿಂತ ಲಾರಿಯ ಹಿಂದೆ ನಮ್ಮ ಬಸ್ಸು ನಿಂತಿತು. ಎಂದಿನ ವೃಂದಗಾನ ಆರಂಭವಾಯಿತು. ಬಾಯಿ ತೆರೆದವನು ಪಕ್ಕದಲ್ಲಿದ್ದ ಚಂದ್ರಣ್ಣನನ್ನು ಕಂಡು ಮುಚ್ಚಿಕೊಂಡೆ.

“ಇವತ್ತಿನ ಸೋಲು ಯಾರ ಹೆಸರಿಗೆ ಬರೀತೀರಾ?” ಎಂದ ಅವನು.

“ಹಾನುಬಾಳು ಅಂತ ಬರೀತೀನಿ, ಬಾ,” ಎಂದು ಲಾರಿ ತಳ್ಳಲು ಕೆಳಗಿಳಿದೆ. ಅಲ್ಲಿ ನಮ್ಮ ಡ್ರೈವರ್ ಆಗಲೇ ಲಾರಿಗೆ ಹೆಗಲು ಕೊಟ್ಟು ನಿಂತಿದ್ದ.