ಅಪ್ಪ ಗುಡ್ಡಕ್ಕೆ ಬೆಂಕಿ ಹಚ್ಚಿದ ದಿನ

ನಾನು ಚಿಕ್ಕವನಿದ್ದಾಗ ನಮ್ಮೂರ ಗುಡ್ಡಕ್ಕೆ ಪ್ರತಿ ಬೇಸಿಗೆ ಬೆಂಕಿ ಹಚ್ಚುತ್ತಿದ್ದವನು ಬೇರೆ ಯಾರೂ ಅಲ್ಲ, ನಮ್ಮ ಅಪ್ಪ. ಹಾಗೆ ಕಣ್ಣರಳಿಸಬೇಡಿ ಮಕ್ಕಳೇ, ಅದು ಊರವರೆಲ್ಲ ಒಪ್ಪಿಸಿದ ಕೆಲಸ. ಒಣಗಿ ನಿಂತ ಹಳೆಯ ಹುಲ್ಲನ್ನು ಸುಟ್ಟರೆ ಮೊದಲ ಮಳೆಗೆ ದನಗಳಿಗೆ ಎಳೆ ಹುಲ್ಲು ಸಿಗುತ್ತದೆ ಎಂದು ಬೀಳಗಿ ಕಡೆಯ ನಾವೆಲ್ಲ ನಂಬಿದ್ದೆವು. ಅಪ್ಪ ಮೊದಲು ಒಂದು ಚಿಟಿಕೆ ಮಣ್ಣು ಉದುರಿಸಿ ಗಾಳಿ ಯಾವ ಕಡೆ ಎಂದು ನೋಡುತ್ತಿದ್ದ. ಗಾಳಿಗೆ ಎದುರಾಗಿ ಸಾಗುವಂತೆ ಹಚ್ಚಿದರೆ ಬೆಂಕಿ ಮೆಲ್ಲಗೆ ತೆವಳುತ್ತದೆ. ಅಪ್ಪನ ಮಾತನ್ನು ನಾನು ಕೇಳುತ್ತಿರಲಿಲ್ಲ, ಬೆಂಕಿ ಕೇಳುತ್ತಿತ್ತು.

ಆ ವರ್ಷ ನನಗೂ ಅಕ್ಕನಿಗೂ ಒಂದು ಗುಟ್ಟಿತ್ತು. ಆಡು ಮೇಯಿಸಲು ಹೋದಾಗ ಕವಳಿಕಂಟಿಯ ಮುಳ್ಳುಪೊದೆಯ ಬುಡದಲ್ಲಿ ಚಿಗರಿಯ, ಅಂದರೆ ಜಿಂಕೆಯ, ಮರಿಯೊಂದನ್ನು ಕಂಡಿದ್ದೆವು. ತಾಯಿ ಚಿಗರಿ ಮೇಯಲು ಹೋಗುವಾಗ ಮರಿಯನ್ನು ಹುಲ್ಲಿನಲ್ಲಿ ಮಲಗಿಸಿ ಹೋಗುತ್ತದೆ. ಅದು ತಿರುಗಿ ಬರುವ ತನಕ ಮರಿ ಅಲುಗಾಡುವುದಿಲ್ಲ. ನಾವು ಹತ್ತಿರ ಹೋದರೂ ಕಿವಿ ಸಹ ಆಡಿಸಲಿಲ್ಲ. ಒದ್ದೆ ಮೂಗು ಮಾತ್ರ ಹೊಳೆಯುತ್ತಿತ್ತು.

"ಯಾರ ಮುಂದೂ ಬಾಯಿ ಬಿಡಬ್ಯಾಡ ಲೇ. ಗೊತ್ತಾತಂದ್ರ ಹಿಡಕೊಂಡ ಹೋಗ್ತಾರ" ಎಂದು ಅಕ್ಕ ಆಣೆ ಹಾಕಿಸಿದಳು. ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಎಂದು ಮನೆಯಲ್ಲಿ ಹೆಸರಾಗಿತ್ತು. ಆ ಒಂದು ಮಾತು ಮಾತ್ರ ನಿಂತಿತು. ನೆನೆದರೆ ಇಂದಿಗೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಅಮಾವಾಸ್ಯೆ ಕಳೆದ ಮೇಲೆ ಗುಡ್ಡ ಸುಡುತ್ತೇನೆ ಎಂದಿದ್ದ ಅಪ್ಪ, ಗಾಳಿ ಹದವಾಗಿದೆ ಎಂದು ಎರಡು ದಿನ ಮೊದಲೇ ಹಚ್ಚಿಬಿಟ್ಟ. ನಾವು ಬಾವಿಯ ಹತ್ತಿರ ಇದ್ದೆವು. ಹೊಗೆ ಕಂಡದ್ದೇ ತಡ, ಕೊಡ ಅಲ್ಲೇ ಬಿಟ್ಟು ಓಡಿದೆವು. ಸುಟ್ಟ ಹುಲ್ಲಿನ ವಾಸನೆ ಗಂಟಲು ಹಿಡಿಯುತ್ತಿತ್ತು.

"ಅಪ್ಪಾ, ಕವಳಿಕಂಟ್ಯಾಗ ಚಿಗರಿ ಮರಿ ಐತಿ!" ಎಂದು ಅಕ್ಕ ಕೂಗಿದಳು.

ಅಪ್ಪನ ಮುಖ ಬಿಳಿಚಿತು. "ಮೊದಲ ಯಾಕ ಹೇಳಲಿಲ್ಲವ್ವಾ? ಆ ಕಡೆ ಬಿಟ್ಟು ಹಚ್ಚತಿದ್ನಲ್ಲಾ!"

ಬೇವಿನ ಟೊಂಗೆ ಮುರಿದುಕೊಂಡು ಅಪ್ಪ ಬೆಂಕಿಯನ್ನು ಬಡಿಯತೊಡಗಿದ. ಅಷ್ಟರಲ್ಲಿ ಗಾಳಿ ತಿರುಗಿತು. ತೆವಳುತ್ತಿದ್ದ ಬೆಂಕಿ ಎದ್ದು ಓಡಿತು. ಅಪ್ಪನ ಹುಬ್ಬು ಸುಟ್ಟಿತು, ಆದರೂ ಒಳಗೆ ನುಗ್ಗಲು ಹೊರಟ ಅಕ್ಕನನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡ. ಮೇಲೆ ತಾಯಿ ಚಿಗರಿ ಅತ್ತಿಂದಿತ್ತ ಓಡುತ್ತಿತ್ತು. ನಾವು ಮೂವರೂ ನೋಡುತ್ತ ನಿಂತೆವು, ಅಷ್ಟೇ.

ಮರುದಿನ ಅಪ್ಪ ಒಬ್ಬನೇ ಗುಡ್ಡಕ್ಕೆ ಹೋಗಿಬಂದ. ಬಂದವನೇ ಇನ್ನು ಗುಡ್ಡಕ್ಕೆ ಬೆಂಕಿ ಹಚ್ಚುವುದಿಲ್ಲ ಎಂದ. ಮುಂದಿನ ಬೇಸಿಗೆ ಊರವರು ಬೇರೆಯವರಿಗೆ ಆ ಕೆಲಸ ಒಪ್ಪಿಸಿದರು.

ಆ ಬೆಂಕಿ ನಮ್ಮ ಗುಡ್ಡ ದಾಟಲಿಲ್ಲ, ಸಂಜೆಗೆ ಬಂಡೆಗಳಿಗೆ ತಾಗಿ ಆರಿತು. ಈಗ ಬನಹಟ್ಟಿಯ ಈ ಮನೆಯಲ್ಲಿ ಕೂತು ನೀವು ನನಗೆ ಫೋನಿನಲ್ಲಿ ತೋರಿಸುವ ಬೆಂಕಿ ಹಾಗಲ್ಲ. ಒಂದು ದೇಶದ್ದು ಆರುವ ಮೊದಲೇ ಇನ್ನೊಂದು ದೇಶದ ಕಾಡು ಹತ್ತಿಕೊಂಡಿರುತ್ತದೆ. ವಿಮಾನದಿಂದ ನೀರು ಸುರಿದರೂ ವಾರಗಟ್ಟಲೆ ಉರಿಯುತ್ತದೆ. ಯಾರನ್ನು ಬೈಯಬೇಕು, ಯಾವ ಟೊಂಗೆಯಿಂದ ಬಡಿಯಬೇಕು, ನನಗೆ ತಿಳಿಯುವುದಿಲ್ಲ.

ಮೊನ್ನೆ ಮೊಮ್ಮಗಳು ಕೇಳಿದಳು: "ಅಜ್ಜಾ, ನಾ ದೊಡ್ಡಾಕಿ ಆಗೂದ್ರಾಗ ಇದೆಲ್ಲಾ ಆರತೈತೇನು?"

ಎಲ್ಲದಕ್ಕೂ ಒಂದು ಉತ್ತರ ಇಟ್ಟುಕೊಂಡಿರುವ ಮುದುಕ ನಾನು. ಆರುತ್ತದೆ ಎನ್ನುವ ಬದಲು ಈ ಚಿಗರಿ ಮರಿಯ ಕಥೆ ಹೇಳಿ ಮುಗಿಸಿದೆ. ಅವಳು ಇನ್ನೂ ನನ್ನ ಮುಖವನ್ನೇ ನೋಡುತ್ತಿದ್ದಳು.