ಪುರಂದರ ಕೊರೆದ ತೂತು

ಪುತ್ತಿಗೆಯ ಪುರಂದರ ನಲವತ್ತು ವರ್ಷ ಪ್ಲಂಬರ್ ಕೆಲಸ ಮಾಡಿದವನು. ಅವನು ಕೈಹಾಕಿದ ಪೈಪು ಆಮೇಲೂ ಸೋರಿದ್ದನ್ನು ಯಾರೂ ಕಂಡಿಲ್ಲ. ಅಂಥವನ ಕೈಗೆ ದೇವಕಿ ಟೀಚರ್ ಒಂದು ನಕ್ಷೆ ಕೊಟ್ಟು, ಒಳ್ಳೆಯ ಹೊಸ ಪೈಪಿಗೆ ತೂತು ಕೊರೆಯಲು ಹೇಳಿದರೆ ಮೈ ಉರಿಯದೆ ಇರುತ್ತದೆಯೇ?

ನಕ್ಷೆ ಬರೆದದ್ದು ಟೀಚರ ಮಗಳು ಸೌಮ್ಯಶ್ರೀ. ವಿದ್ಯಾನಗರದ ಮನೆಯ ಜಗಲಿಯಲ್ಲಿ ನಾಲ್ಕಡಿ ಉದ್ದದ ಗಾಜಿನ ಮೀನಿನ ತೊಟ್ಟಿ, ಅದರ ಅಡಿಯಲ್ಲಿ ಇನ್ನೊಂದು ಸಣ್ಣದು. ಮೇಲಿನದರಲ್ಲಿ ಹೆಚ್ಚಾದ ನೀರು ಒಂದು ಪೈಪಿನಲ್ಲಿ ಕೆಳಗಿಳಿದು, ಸ್ಪಂಜು ಜಲ್ಲಿಗಳ ನಡುವೆ ಹಾದು ಶುದ್ಧವಾಗಬೇಕು. ಪಂಪು ಅದನ್ನು ಇನ್ನೊಂದು ಪೈಪಿನಲ್ಲಿ ಮತ್ತೆ ಮೇಲಕ್ಕೆ ಕಳಿಸಬೇಕು. ಮೇಲೇರುವ ಆ ಪೈಪಿಗೇ, ನೀರಿನ ಮಟ್ಟದಿಂದ ಒಂದು ಬೆರಳು ಕೆಳಗೆ, ತೂತು.

"ತೂತು ಮುಚ್ಚಲಿಕ್ಕೆ ಎಷ್ಟೋ ಮನೆಗೆ ಹೋಗಿದ್ದೇನೆ ಟೀಚರೇ, ತೂತು ಮಾಡ್ಲಿಕ್ಕೆ ಯಾರೂ ಕರೆದದ್ದಿಲ್ಲ," ಎಂದ.

"ಅವಳು ಎಂತದೋ ನೋಡಿ ಬರೆದದ್ದು. ನಿನಗೆ ಸರಿ ಕಂಡ ಹಾಗೆ ಮಾಡು ಮಾರಾಯ. ಮೀನು ಸಾಯಬಾರದು, ಅಷ್ಟೇ."

ಮೀನು ಏಳು. ಶಿರಿಯದಲ್ಲಿ ಟೀಚರ ತವರುಮನೆಯ ಬಾವಿಯವು. ಹೆದ್ದಾರಿ ಅಗಲವಾಗುವಾಗ ಆ ಮನೆ ಹೋಯಿತು, ಬಾವಿಗೆ ಮಣ್ಣು ಬಿತ್ತು. ಆ ಬಾವಿಗೆ ಮೊದಲ ಪಂಪು ಇಳಿಸಿದವನು ಹದಿನೆಂಟರ ಪುರಂದರ. ಅಂದಿನಿಂದ ಪ್ರತಿ ಬೇಸಗೆಯಲ್ಲೂ ಬಾವಿಯ ಕೆಸರು ತೆಗೆಯಲು ಅವನೇ ಬರಬೇಕು. ತವರಿಗೆ ರಜೆಯಲ್ಲಿ ಬಂದಿರುತ್ತಿದ್ದ ಟೀಚರ್ ಗಂಜಿ ಬಡಿಸಿ, ತಂಗಿಯ ಮದುವೆ ಏನಾಯಿತು, ಮಗಳು ಅಶ್ಮಿತಾ ಹೇಗೆ ಓದುತ್ತಾಳೆ ಎಂದೆಲ್ಲ ವಿಚಾರಿಸುತ್ತಿದ್ದರು. ಅವನ ಕಷ್ಟಸುಖ ಅಷ್ಟು ಕೇಳಿದವರು ಬೇರೆ ಯಾರೂ ಇಲ್ಲ. ಕಡೆಗೆ ಪಂಪನ್ನು ಮೇಲೆತ್ತಿ, ಮೀನು ಹಿಡಿದು ಬಕೆಟಿಗೆ ಹಾಕಿದವನೂ ಅವನೇ. ಇವೂ ಸತ್ತರೆ ಆ ಬಾವಿಯದೆಂದು ಹೇಳಲು ಏನೂ ಉಳಿಯದು. ಟೀಚರನ್ನು ಕಾಣಲು ಬರುವುದಕ್ಕೆ ಅವನಿಗೆ ನೆಪವೂ ಉಳಿಯದು.

ಮೇಲೇರುವ ಪೈಪಿನ ಬಾಯನ್ನು ಮೇಲಿನ ತೊಟ್ಟಿಯ ಅಡಿಯವರೆಗೂ ಇಳಿಸಿದ. ಬಾವಿಗೆ ಪೈಪು ಇಳಿಸಿ ರೂಢಿಯಾದ ಕೈ, ಅರ್ಧಕ್ಕೆ ನಿಲ್ಲಲು ಕೇಳಲಿಲ್ಲ. ತೂತಂತೂ ಇಲ್ಲವೇ ಇಲ್ಲ. ಪಂಪು ಹಾಕಿದರೆ ನೀರು ಲಕ್ಷಣವಾಗಿ ಸುತ್ತಿತು. ಮೀನು ಬಿಟ್ಟರು. ಪುರಂದರ ಬೀಗಿದ.

ಕರೆಂಟು ಹೋಯಿತು. ಪಂಪು ನಿಂತಿತು, ನೀರು ಮಾತ್ರ ನಿಲ್ಲಲಿಲ್ಲ. ಮೇಲೇರಿದ ಪೈಪಿನಲ್ಲೇ ಹಿಂದಕ್ಕೆ ಇಳಿಯತೊಡಗಿ, ಕೆಳಗಿನ ತೊಟ್ಟಿ ಉಕ್ಕಿ ಜಗಲಿಯೆಲ್ಲ ನೀರಾಯಿತು. ಮೇಲೆ ನಾಲ್ಕು ಬೆರಳು ನೀರಿನಲ್ಲಿ ಮೀನುಗಳು ಮಗ್ಗುಲಾಗಿ ಒದ್ದಾಡಿದವು.

"ಅಯ್ಯೋ ಪುರಂದರಾ!"

ಪುರಂದರನಿಗೆ ಅಪ್ಪ ಕಣ್ಣಮುಂದೆ ಬಂದರು. ಎತ್ತರದ ತೊಟ್ಟಿಯಿಂದ ಬಸಳೆ ಚಪ್ಪರಕ್ಕೆ ರಬ್ಬರು ಟ್ಯೂಬಿನಲ್ಲಿ ನೀರು ಬಿಡುತ್ತಿದ್ದರು. ಒಮ್ಮೆ ಬಾಯಿಂದ ಎಳೆದರೆ ಸಾಕು, ನೀರು ತಾನಾಗಿ ಹರಿಯುತ್ತಿತ್ತು. ನಿಲ್ಲಿಸಬೇಕಾದರೆ ಮೇಲಿನ ತುದಿಯನ್ನು ನೀರಿನಿಂದ ಎತ್ತಿ ಒಳಗೆ ಗಾಳಿ ಬಿಡುವರು. ಪುರಂದರ ಅಂಟು ಹಾಕಿದ ಪೈಪನ್ನು ಮುರಿದೇ ಎತ್ತಿದ. ಗಳಗಳ ಎಂದು ಗಾಳಿ ಹೊಕ್ಕು ನೀರು ನಿಂತಿತು. ಸೌಮ್ಯಶ್ರೀಯ ತೂತೂ ಗಾಳಿ ಹೊಗಲಿಕ್ಕೇ ಎಂಬುದು ಆಗ ತಲೆಗೆ ಹತ್ತಿತು.

ಹೊಸ ಪೈಪು ಜೋಡಿಸಿ, ಹಲ್ಲು ಕಚ್ಚಿ ತೂತು ಕೊರೆದ. ತೊಟ್ಟಿ ತುಂಬಿಸಿ, ಕರೆಂಟು ಬಂದ ಮೇಲೆ ತಾನೇ ಸ್ವಿಚ್ಚು ಆರಿಸಿ ನೋಡಿದ. ನೀರು ತೂತಿನವರೆಗೆ, ಒಂದು ಬೆರಳು ಇಳಿದು ನಿಂತುಬಿಟ್ಟಿತು. ಏಳು ಮೀನೂ ಈಜುತ್ತಿದ್ದವು.

"ಬಾವಿಯ ಹಾಗೆ ಇದನ್ನೂ ತೊಳೆಯಲಿಕ್ಕೆ ಉಂಟಾ?" ಟೀಚರ್ ಕೇಳಿದರು.

ಸ್ಪಂಜು ಹಿಂಡಿ ಗಾಜು ಒರೆಸಿದರೆ ಮುಗಿಯಿತು, ಮಕ್ಕಳೂ ಮಾಡುವ ಕೆಲಸ. ಕೆಲಸದ ವಿಷಯದಲ್ಲಿ ಪುರಂದರ ಸುಳ್ಳು ಹೇಳಿದವನಲ್ಲ.

"ನಿಮ್ಮಿಂದ ಆಗುವ ಕೆಲಸ ಅಲ್ಲ ಟೀಚರೇ, ನಾನೇ ಬರಬೇಕಾಗ್ತದೆ," ಎಂದ.

"ವರ್ಷಕ್ಕೊಮ್ಮೆಯಾ?"

"ತಿಂಗಳಿಗೊಮ್ಮೆ," ಎಂದ ಪುರಂದರ.